ಮುಂದಿನ ಎಡಗಾಲಿನ ಕೊಳವಿ

ನಾನು ಹುಟ್ಟಿದ್ದು ಒಂದೇ ಏಟಿಗೆ. ಪೀಣ್ಯದ ಒಂದು ಶೆಡ್ಡಿನಲ್ಲಿ ತಗಡಿನ ಪಟ್ಟಿ ಪ್ರೆಸ್ಸಿನ ಅಡಿಗೆ ಸರಿಯಿತು, ಮೇಲಿನಿಂದ ಅಚ್ಚು ಬಿತ್ತು, ನಾನು ಆಚೆ ಬಂದು ಬಿದ್ದೆ. ಆ ಏಟಿನ ನಡುಕ ಇವತ್ತಿಗೂ ನನ್ನ ಮೈಯಲ್ಲಿದೆ.

ನೀವು ನನ್ನನ್ನು ನೋಡಿರಲಾರಿರಿ. ಕುರ್ಚಿ, ಮಂಚ, ಟೀಪಾಯಿಗಳ ಕಾಲಿಗೆ ಗಾಲಿ ಇರುವುದನ್ನು ನೋಡಿರುತ್ತೀರಿ. ಆ ಗಾಲಿ ಕಾಲಿನಿಂದ ಕಳಚಿ ಬೀಳದ ಹಾಗೆ ಒಳಗೆ ಅವಿತು ಹಿಡಿದುಕೊಂಡಿರುವುದು ನಾನು. ಹೆಬ್ಬೆರಳುದ್ದದ ಕಬ್ಬಿಣದ ಕೊಳವಿ. ಬಾಯಿಯ ಸುತ್ತ ಒಂದು ಅಂಚು, ಅಂಚಿನಲ್ಲಿ ನಾಲ್ಕು ಹಲ್ಲು. ಅವು ಮರವನ್ನು ಕಚ್ಚುವುದಕ್ಕೆ. ಒಳಗಡೆ ಸೀಳಿದ ಕೊರಳು. ಗಾಲಿಯ ನೆತ್ತಿಯಲ್ಲಿ ಒಂದು ಕಡ್ಡಿ ಇರುತ್ತದೆ, ಕಡ್ಡಿಗೆ ಗುಂಡು ತಲೆ. ಆ ತಲೆ ಒಳಗೆ ಬರುವಾಗ ನನ್ನ ಕೊರಳು ಅಗಲವಾಗಿ ದಾರಿ ಬಿಡಬೇಕು, ಬಂದ ಮೇಲೆ ಮುದುಡಿ ಹಿಡಿಯಬೇಕು. ಅಂಗಡಿಯವರು ನನ್ನನ್ನು ಬುಷ್ ಎಂದರು, ಬಡಗಿ ಕೊಳವಿ ಎಂದ. ಬಡಗಿ ಇಟ್ಟ ಹೆಸರೇ ನನಗೆ ಹಿಡಿಸಿತು.

ಶೆಡ್ಡಿನಲ್ಲಿ ನಮ್ಮನ್ನು ಪರೀಕ್ಷೆ ಮಾಡಲು ಒಬ್ಬ ಹೆಂಗಸಿದ್ದಳು. ಒಂದೊಂದನ್ನೂ ಎತ್ತಿ, ಕಡ್ಡಿ ತೂರಿಸಿ, ತಲೆಕೆಳಗು ಮಾಡಿ ಜಾಡಿಸುತ್ತಿದ್ದಳು. ಕಡ್ಡಿ ಜಾರಿದರೆ ಬಲಗಡೆಯ ಡಬ್ಬಕ್ಕೆ. ಆ ಡಬ್ಬ ಸಂಜೆ ಕುಲುಮೆಗೆ ಹೋಗುತ್ತಿತ್ತು. ನನ್ನ ಹಿಂದಿನವನು ಬಲಗಡೆಗೆ ಹೋದ. ನನ್ನನ್ನು ಜಾಡಿಸಿದಾಗ ನಾನು ಕಡ್ಡಿಯನ್ನು ಹೇಗೆ ಕಚ್ಚಿ ಹಿಡಿದೆನೆಂದರೆ, ಅವಳು ಇಕ್ಕಳದಿಂದ ಎಳೆಯಬೇಕಾಯಿತು. ಹಿಡಿಯದಿದ್ದರೆ ಬೆಂಕಿ ಎಂಬುದು ಹುಟ್ಟಿದ ದಿನವೇ ನನಗೆ ತಿಳಿದುಹೋಯಿತು.

ಆಮೇಲೆ ತಿಪಟೂರಿನ ಒಂದು ಹಾರ್ಡ್‌ವೇರ್ ಅಂಗಡಿಯ ಖಾನೆಯಲ್ಲಿ ಎರಡು ವರ್ಷ ಕತ್ತಲಲ್ಲಿದ್ದೆ. ಒಂದು ದಿನ ಖಾನೆ ತೆರೆಯಿತು. ಗರಗಸದ ಪುಡಿ ಮೆತ್ತಿದ ಎರಡು ಬೆರಳು ಒಳಗೆ ಬಂದವು. ಅವು ಬಡಗಿ ಕಾಳಾಚಾರಿಯ ಬೆರಳುಗಳು. ಅವನೂ ಕಡ್ಡಿ ತೂರಿಸಿ, ತಲೆಕೆಳಗು ಮಾಡಿ, ಕಿವಿಯ ಹತ್ತಿರ ಹಿಡಿದು ಜಾಡಿಸಿದ. ಹತ್ತರಲ್ಲಿ ನಾಲ್ವರನ್ನು ಆರಿಸಿದ.

"ಮಂಚಕ್ಕೆ ತಾನೆ ಆಚಾರ್ರೇ, ಇಷ್ಟೊಂದು ಪರೀಕ್ಷೆ ಯಾಕೆ?" ಎಂದರು ಅಂಗಡಿಯವರು.

"ಮಂಚಕ್ಕಲ್ಲ ಸ್ವಾಮಿ. ಒಂದು ಹೆಣ್ಣುಮಗಳ ಕಾಲಿಗೆ" ಎಂದ ಕಾಳಾಚಾರಿ.

ಆ ಹೆಣ್ಣುಮಗಳು ಜಯಶೀಲ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡು ಕಾಲೂ ಸೋತಿದ್ದವು. ವಯಸ್ಸು ಮೂವತ್ತೆಂಟು. ಅಣ್ಣ ಷಡಕ್ಷರಿಯ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಅವಳು ಹೊಲಿದ ಬ್ಲೌಸು ಕಂಕುಳಲ್ಲಿ ಎಂದೂ ಎಳೆಯುವುದಿಲ್ಲ ಎಂದು ಊರಿನ ಅರ್ಧ ಹೆಂಗಸರು ಅವಳಲ್ಲಿಗೇ ಬರುತ್ತಿದ್ದರು. ಅಲ್ಲಿಯವರೆಗೆ ಅವಳು ನೆಲದ ಮೇಲೆ ಕೈಯೂರಿ ಸರಿಯುತ್ತಿದ್ದಳು. ಕತ್ತರಿಸುವ ಮೇಜಿನಿಂದ ಮಷೀನಿಗೆ, ಮಷೀನಿನಿಂದ ಬಾಗಿಲಿಗೆ ಅತ್ತಿಗೆ ಗಂಗಾಂಬಿಕೆ ಎತ್ತಿ ಕೂರಿಸಬೇಕಿತ್ತು. ಕಾಳಾಚಾರಿ ಮತ್ತಿಮರದಲ್ಲಿ ಅವಳ ಅಳತೆಗೆ ಕೈಕುರ್ಚಿ ಮಾಡಿ ನಾಲ್ಕು ಕಾಲಿಗೂ ಗಾಲಿ ಹಾಕಿದ. ನಾನು ಮುಂದಿನ ಎಡಗಾಲಿಗೆ ಬಿದ್ದೆ. ಕೊಡತಿಯ ಮೂರು ಏಟಿಗೆ ನನ್ನ ನಾಲ್ಕೂ ಹಲ್ಲು ಮರದಲ್ಲಿ ಇಳಿದವು.

ಅವಳು ಮೊದಲ ಸಲ ಕೂತು, ಮೇಜನ್ನು ಕೈಯಿಂದ ತಳ್ಳಿದಳು. ಕುರ್ಚಿ ಸರ್ರನೆ ಮಷೀನಿನ ಹತ್ತಿರ ಹೋಯಿತು. ಮಷೀನನ್ನು ತಳ್ಳಿದಳು, ಬಾಗಿಲ ಹತ್ತಿರ ಬಂತು. ಬಾಗಿಲಲ್ಲಿ ಕೂತು ಬೀದಿ ನೋಡಿದಳು. ಯಾರನ್ನೂ ಕರೆಯದೆ ಅವಳು ಬೀದಿ ನೋಡಿದ್ದು ಅದೇ ಮೊದಲು.

ಷಡಕ್ಷರಿ ಲಗೇಜ್ ಆಟೋ ಓಡಿಸುವವನು, ತೋಟಗಳಿಂದ ಮಂಡಿಗೆ ಕೊಬ್ಬರಿ ಸಾಗಿಸುತ್ತಿದ್ದ. ತಂಗಿ ಎಂದರೆ ಜೀವ, ಆ ಜೀವ ಬರೀ ಹೆದರಿಕೆಯಾಗಿಯೇ ಹೊರಗೆ ಬರುತ್ತಿತ್ತು. ಬಾಗಿಲ ಮುಂದೆ ಒಂದು ಮಾರಿನ ಜಗಲಿ, ಜಗಲಿಯಿಂದ ಬೀದಿಗೆ ಸಿಮೆಂಟಿನ ಇಳಿಜಾರು. ಅವನ ಕಣ್ಣೆಲ್ಲ ಆ ಇಳಿಜಾರಿನ ಮೇಲೆ.

"ಜಯಾ, ಇವತ್ತೇ ಹೇಳ್ತಿದೀನಿ ಕೇಳ್ಕೊ. ಒಂದೇ ಒಂದು ಸಲ ಬಿದ್ದೆ ಅಂದ್ರೆ ಈ ಕುರ್ಚಿ ಅಟ್ಟಕ್ಕೆ ಹೋಗುತ್ತೆ, ಮಷೀನಿಗೆ ಮುಸುಕು ಬೀಳುತ್ತೆ. ನಿನ್ನನ್ನ ಸಾಕೋಕೆ ನಾನಿದೀನಿ."

"ಹೊಸ ಕುರ್ಚಿಗೆ ಒಳ್ಳೆ ಆಶೀರ್ವಾದ ಮಾಡ್ದೆ ಕಣಣ್ಣ" ಎಂದಳು ಜಯಶೀಲ.

ಅವಳು ನಕ್ಕಳು. ನಾನು ನಗಲಿಲ್ಲ. ಅವಳ ಅಂಗಡಿ, ಅವಳ ಬೀದಿ, ಎಲ್ಲವೂ ನಾಲ್ಕು ಕಾಲಿನ ಮೇಲೆ ನಿಂತಿದ್ದವು, ಒಂದು ಕಾಲಿನ ಹೊಣೆ ನನ್ನದು. ಅವಳು ಕೂತಿದ್ದಾಗ ನನಗೆ ಭಯವಿರಲಿಲ್ಲ. ಭಾರ ಬಿದ್ದಷ್ಟೂ ಗಾಲಿ ನನ್ನೊಳಗೇ ಒತ್ತಿಕೊಳ್ಳುತ್ತದೆ. ಕುರ್ಚಿಯನ್ನು ಎತ್ತಿದಾಗ ನನ್ನ ಜೀವ ಹೋಗುತ್ತಿತ್ತು. ಆಗ ಗಾಲಿ ನೇತಾಡುತ್ತದೆ, ಅದನ್ನು ಹಿಡಿಯುವುದು ನನ್ನ ಕೊರಳೊಂದೇ. ವಾರಕ್ಕೊಮ್ಮೆ ನೆಲ ಒರೆಸಲು ಗಂಗಾಂಬಿಕೆ ಕುರ್ಚಿ ಎತ್ತುತ್ತಿದ್ದಳು. ಪ್ರತಿ ಸಲವೂ ಶೆಡ್ಡಿನ ಬಲಗಡೆಯ ಡಬ್ಬ ನನ್ನ ಕಣ್ಣಮುಂದೆ ಬರುತ್ತಿತ್ತು.

ಹೀಗೆ ಮೂರು ವರ್ಷ ಹಿಡಿದೆ. ನಾಲ್ಕನೆಯ ವರ್ಷದ ಆಯುಧಪೂಜೆ ಬಂತು.

ಷಡಕ್ಷರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಆಟೋ ತೊಳೆದು, ಬಾಳೆಕಂದು ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟ. ಹತ್ತಿಸಿ ಒಡೆದರೆ ದೃಷ್ಟಿ ಹೋಗುತ್ತದಂತೆ. ಆಮೇಲೆ ಅವನ ಕಣ್ಣು ಬಾಗಿಲಲ್ಲಿ ಕೂತಿದ್ದ ತಂಗಿಯ ಮೇಲೆ ಬಿತ್ತು.

"ನಿನ್ನ ಗಾಡಿಗೂ ಆಗ್ಲಿ. ಅದಕ್ಕೂ ಗಾಲಿ ಇಲ್ವಾ?"

ಜಯಶೀಲಳನ್ನು ಚಾಪೆಯ ಮೇಲೆ ಕೂರಿಸಿ ಕುರ್ಚಿಯನ್ನು ಮಗುಚಿದ. ಒರೆಸಿದ. ಕೊಬ್ಬರಿ ಎಣ್ಣೆಯ ಬಟ್ಟಲು ತಂದ. ನಮ್ಮ ಊರಿನಲ್ಲಿ ಬೀಗ ಬಿಗಿಯಾದರೂ ಮಂಡಿ ನೋವಾದರೂ ಮೊದಲು ಕೈ ಹೋಗುವುದು ಆ ಬಟ್ಟಲಿಗೇ. ಗಾಲಿಯ ಅಚ್ಚಿಗೆ ಎರಡು ಹನಿ ಬಿಟ್ಟ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಂದಿನ ಎಡಗಾಲಿನ ಗಾಲಿಯನ್ನು ಇತ್ತ ಅತ್ತ ತಿರುಗಿಸಿ, "ಇದ್ಯಾಕೋ ಹಿಡಿದು ಹಿಡಿದು ತಿರುಗ್ತಿದೆ" ಎಂದ. ಅಲುಗಿಸಿ ಅಲುಗಿಸಿ ಗಾಲಿಯನ್ನು ಕಿತ್ತ. ಮೇಲಕ್ಕೆ ತೆರೆದಿದ್ದ ನನ್ನ ಬಾಯಿಗೆ ಬಟ್ಟಲಿನಲ್ಲಿ ಉಳಿದದ್ದನ್ನೆಲ್ಲ ಹೊಯ್ದ. ಮತ್ತೆ ಗಾಲಿ ಸಿಕ್ಕಿಸಿದ.

ಹಿಡಿದು ತಿರುಗುವುದೇ ನನ್ನ ಕೆಲಸ ಎಂದು ಅವನಿಗೆ ಹೇಗೆ ಹೇಳಲಿ? ಕೊರಳೊಳಗೆ ಎಣ್ಣೆ ಇಳಿಯಿತು. ನಾನು ಮುದುಡಿದೆ, ಕಡ್ಡಿ ಜಾರಿತು. ಇನ್ನೂ ಮುದುಡಿದೆ, ಇನ್ನೂ ಜಾರಿತು. ನನಗೆ ಗೊತ್ತಿದ್ದ ಏಕೈಕ ವಿದ್ಯೆ ಮೈಬಿಟ್ಟು ಹೋಗುವುದು ಎಂದರೇನೆಂದು ಆಗ ತಿಳಿಯಿತು.

ಕುರ್ಚಿಯನ್ನು ಜಗಲಿಗೆ ಎತ್ತಿಕೊಂಡು ಹೋಗುವಾಗ ಗಾಲಿ ಅರ್ಧ ಹೊರಗೆ ಬಂತು. ನೆಲಕ್ಕಿಟ್ಟಾಗ ಭಾರಕ್ಕೆ ಮತ್ತೆ ಒಳಗೆ ಹೋಯಿತು. ಯಾರೂ ನೋಡಲಿಲ್ಲ.

ಜಯಶೀಲಳನ್ನು ತಂದು ಕೂರಿಸಿದರು. ಮುಖ ಬೀದಿಯ ಕಡೆಗೆ. ಮುಂದೆ ಒಂದು ಮೊಳಕ್ಕೆ ಇಳಿಜಾರು ಶುರು. ಗಂಗಾಂಬಿಕೆ ಕುರ್ಚಿಯ ತೋಳುಗಳಿಗೆ ಕುಂಕುಮವಿಟ್ಟು ಕರ್ಪೂರ ಹಚ್ಚಿದಳು.

"ಡ್ರೈವರಮ್ಮ, ರೆಡಿನಾ?" ಎಂದ ಷಡಕ್ಷರಿ.

"ಹಾರ್ನ್ ಇಲ್ಲ ಕಣಣ್ಣ. ನೀನೇ ಕೂಗು" ಎಂದಳು.

ನಮ್ಮ ಗಾಲಿಗಳು ಚಿಕ್ಕವು, ನಿಂಬೆಹಣ್ಣು ಹತ್ತುವಂಥವಲ್ಲ. ಆದ್ದರಿಂದ ಅವನು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಮುಂದಿನ ಎರಡು ಕಾಲನ್ನು ಗಾಳಿಗೆ ಎತ್ತಿದ. ಗಂಗಾಂಬಿಕೆ ಹಣ್ಣುಗಳನ್ನು ಕೆಳಗೆ ಸರಿಸಿದಳು. ನಾನು ಇದ್ದಬದ್ದ ಶಕ್ತಿಯಲ್ಲಿ ಕಡ್ಡಿಯನ್ನು ಹಿಡಿದೆ. ಗುಂಡು ತಲೆ ಕೊರಳಿನ ತನಕ ಜಾರಿತು. ಒಂದು ಕ್ಷಣ ಅಲ್ಲಿ ನಿಂತಿತು. ಆಮೇಲೆ ಹೋಯಿತು.

ಗಾಲಿ ಜಗಲಿಗೆ ಬಿದ್ದು ಇಳಿಜಾರಿನ ಕಡೆ ಉರುಳಿತು. ಅಷ್ಟರಲ್ಲಿ ಷಡಕ್ಷರಿ ಕುರ್ಚಿಯನ್ನು ಇಳಿಸಿ ಮುಂದಕ್ಕೆ ನೂಕಿಯಾಗಿತ್ತು. ನೂಕಿದವನು ಆಟೋಗೆ ಮಾಡುವ ಹಾಗೆಯೇ ಕೈಬಿಟ್ಟು, ಕಣ್ಣುಮುಚ್ಚಿ, ಕರ್ಪೂರಕ್ಕೆ ಕೈಮುಗಿದ.

ನನ್ನ ಬರಿಯ ಬಾಯಿ ನಿಂಬೆಹಣ್ಣಿನ ಮೇಲೆ ಬಿತ್ತು, ಹಣ್ಣನ್ನು ಸೀಳಿ ಸಿಮೆಂಟಿಗೆ ತಾಕಿತು. ಉಳಿದ ಮೂರು ಗಾಲಿ ಆಗತಾನೆ ಎಣ್ಣೆ ಕುಡಿದಿದ್ದವು, ಮುಂದಕ್ಕೆ ಓಡಿದವು. ನಾನು ಕರ್ ಎಂದು ಸಿಮೆಂಟನ್ನು ಗೀಚುತ್ತ ಎಳೆದುಕೊಂಡು ಹೋದೆ. ಇಳಿಜಾರು ಶುರುವಾಗುವಲ್ಲಿ ಒಂದು ಬಿರುಕಿತ್ತು. ನನ್ನ ಅಂಚು ಅದರಲ್ಲಿ ಸಿಕ್ಕಿತು. ಕುರ್ಚಿ ನನ್ನ ಸುತ್ತ ಅರ್ಧ ಸುತ್ತು ತಿರುಗಿ, ಎಡಕ್ಕೆ ವಾಲಿ, ನಿಂತಿತು. ಜಯಶೀಲ ಜಗಲಿಯ ಕಂಬವನ್ನು ತಬ್ಬಿಕೊಂಡಿದ್ದಳು. ಅವಳ ಎದೆಬಡಿತ ಮರದೊಳಗಿಂದ ನನ್ನವರೆಗೆ ಬರುತ್ತಿತ್ತು.

ಗಾಲಿ ಮಾತ್ರ ಇಳಿಜಾರು ಇಳಿದು ಬೀದಿಯ ನಡುವಿಗೆ ಹೋಯಿತು. ಕಾಯಿ ತುಂಬಿದ ಟ್ರ್ಯಾಕ್ಟರ್ ಅದರ ಮೇಲೆ ಹಾದುಹೋಯಿತು. ಅಪ್ಪಚ್ಚಿಯಾದ ಗಾಲಿಯನ್ನು ಮೂವರೂ ನೋಡಿದರು.

ಷಡಕ್ಷರಿ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಮುಗೀತು. ಮಷೀನಿಗೆ ಮುಸುಕು ಹಾಕು."

"ನಾನು ಬಿದ್ರೆ ಅಂತ ತಾನೆ ನೀನು ಹೇಳಿದ್ದು?" ಜಯಶೀಲ ಇನ್ನೂ ಕಂಬ ಬಿಟ್ಟಿರಲಿಲ್ಲ. "ನೋಡು, ಕೂತಿದೀನಿ. ಬಿದ್ದದ್ದು ಗಾಲಿ."

"ಮಾತು ಬೇಡ ಜಯಾ."

ಕುರ್ಚಿಯನ್ನು ಮೂಲೆಯಲ್ಲಿ ತಲೆಕೆಳಗು ಇಟ್ಟರು. ಮೂರು ದಿನ ನನ್ನ ಬಾಯಿ ಸೂರಿನ ಕಡೆ ತೆರೆದಿತ್ತು. ಜಯಶೀಲ ಮತ್ತೆ ಕೈಯೂರಿ ಸರಿಯತೊಡಗಿದಳು. ಬಂದ ಹೆಂಗಸರಿಗೆ ಗಂಗಾಂಬಿಕೆ, "ಸ್ವಲ್ಪ ದಿನ ಹೊಲಿಯಲ್ಲ ಕಣ್ರಮ್ಮ" ಎನ್ನುತ್ತಿದ್ದಳು. ಅವರು ತಂದ ಬಟ್ಟೆಯನ್ನು ವಾಪಸ್ ತೆಗೆದುಕೊಂಡು ಹೋಗುವುದನ್ನು ಜಯಶೀಲ ನೆಲದಿಂದ ನೋಡುತ್ತಿದ್ದಳು. ಇಷ್ಟಕ್ಕೆಲ್ಲ ನಾನೇ ಕಾರಣ ಎಂದುಕೊಂಡೆ. ಕುಲುಮೆಗೆ ಹಾಕಿದ್ದರೂ ಆಗುತ್ತಿತ್ತು ಎಂದುಕೊಂಡೆ.

ನಾಲ್ಕನೆಯ ದಿನ ಕಾಳಾಚಾರಿ ಬಂದ. ಕರೆಸಿದ್ದು ಗಂಗಾಂಬಿಕೆ. ಷಡಕ್ಷರಿ ಊಟಕ್ಕೆ ಬರುವ ಹೊತ್ತು ನೋಡಿಯೇ ಕರೆಸಿದ್ದಳು.

"ನಿಮ್ಮ ಕೆಲಸ ಎಂಥದ್ದು ಅಂತ ನೋಡಿ ಆಚಾರ್ರೇ" ಎಂದ ಷಡಕ್ಷರಿ. "ನನ್ನ ತಂಗಿ ಟ್ರ್ಯಾಕ್ಟರ್ ಅಡಿಗೆ ಹೋಗ್ತಿದ್ದಳು."

ಕಾಳಾಚಾರಿ ಕಿರುಬೆರಳನ್ನು ನನ್ನೊಳಗೆ ತೂರಿಸಿ ತಿರುಗಿಸಿದ. ಹೊರಗೆ ತೆಗೆದು ಮೂಸಿದ. ಆಮೇಲೆ ಆ ಬೆರಳನ್ನು ಷಡಕ್ಷರಿಯ ಮೂಗಿನ ಹತ್ತಿರ ಹಿಡಿದ.

"ಕೊಬ್ಬರಿ ಎಣ್ಣೆ. ಯಾರು ಹಾಕಿದ್ದು?"

ಗಂಗಾಂಬಿಕೆ ಗಂಡನ ಮುಖ ನೋಡಿದಳು. ಜಯಶೀಲ ಗೋಡೆ ನೋಡಿದಳು.

"ಹಬ್ಬ ಅಂತ..." ಎಂದ ಷಡಕ್ಷರಿ.

"ತಿರುಗೋ ಕಡೆ ಹಾಕಿ, ಬೇಡ ಅನ್ನಲ್ಲ. ಹಿಡ್ಕೊಳ್ಳೋ ಕಡೆ ಹಾಕಿದ್ರೆ ಹೆಂಗೆ ಯಜಮಾನ್ರೇ? ನಿಮ್ಮ ಆಟೋ ಬ್ರೇಕಿಗೆ ಎಣ್ಣೆ ಹಾಕ್ತೀರಾ?"

ಷಡಕ್ಷರಿ ತಟ್ಟೆಯ ಮುಂದೆ ಕೂತವನು ಊಟ ಮಾಡಲಿಲ್ಲ. ಕಾಳಾಚಾರಿ ಜಗಲಿಗೆ ಹೋಗಿ ಬಗ್ಗಿ ನೋಡಿದ. ಸಿಮೆಂಟಿನ ಮೇಲೆ ನಾನು ಗೀಚಿದ ಗೆರೆ ಬಿರುಕಿನ ತನಕ ಬೆಳ್ಳಗೆ ಹೊಳೆಯುತ್ತಿತ್ತು. ಅವನು ಅದರ ಮೇಲೆ ಬೆರಳಾಡಿಸಿದ.

"ಇಲ್ಲಿ ಬನ್ನಿ. ಗಾಲಿ ಬಿಡ್ತು, ನಿಜ. ಆದ್ರೆ ಕೈಬಿಟ್ಟೋರು ಯಾರು? ನಾಲ್ಕು ಗಾಲಿನೂ ಇದ್ದಿದ್ರೆ ಕುರ್ಚಿ ಸೀದಾ ಬೀದಿಗೆ ಹೋಗ್ತಿತ್ತು. ಬರೀ ಕೊಳವಿ ನೆಲಕ್ಕೆ ತಾಕಿದ್ದಕ್ಕೆ ನಿಂತಿದೆ."

ಷಡಕ್ಷರಿ ಕುಕ್ಕುರುಗಾಲಲ್ಲಿ ಕೂತು ಆ ಗೆರೆಯ ಮೇಲೆ ತಾನೂ ಬೆರಳಾಡಿಸಿದ.

ಸೀಮೆಎಣ್ಣೆಯ ಬಟ್ಟೆಯಿಂದ ನನ್ನ ಕೊರಳು ತೊಳೆದರು, ಬೂದಿ ಹಾಕಿ ಉಜ್ಜಿದರು. ಹೊಸ ಗಾಲಿ ಬಂತು. ಕಾಳಾಚಾರಿ ಸಿಕ್ಕಿಸಿ, ಕಿವಿಯ ಹತ್ತಿರ ಜಾಡಿಸಿದ. ಹಿಡಿದೆ. ಹೋಗುವ ಮುಂಚೆ ಅವನು ಗಾಲಿಯ ಕಡ್ಡಿಯಷ್ಟೇ ದಪ್ಪದ ಒಂದು ಮರದ ಬೆಣೆಯನ್ನೂ ಕೆತ್ತಿಕೊಟ್ಟ. "ಜಗಲಿಗೆ ಬರೋವಾಗ ಗಾಲಿ ತೆಗೆದು ಇದನ್ನ ಹಾಕ್ಸು ಅಮ್ಮಣ್ಣಿ. ಕುರ್ಚಿ ಒಂದು ಅಂಗುಲನೂ ಜಗ್ಗಲ್ಲ."

ಮಷೀನಿನ ಮುಸುಕನ್ನು ಯಾರು ತೆಗೆದರೆಂದು ನನಗೆ ಕಾಣಲಿಲ್ಲ. ಮಾರನೆಯ ದಿನ ಬೆಳಗ್ಗೆ ಮಾತ್ರ ಷಡಕ್ಷರಿ ಆಟೋ ಹತ್ತುವ ಮುಂಚೆ ಒಳಗೆ ಬಂದು, ಕುರ್ಚಿಯ ಎಡಗಾಲನ್ನು ಎತ್ತಿ, ಗಾಲಿಯನ್ನು ಎಳೆದು ನೋಡಿದ. ಅವತ್ತಿನಿಂದ ದಿನವೂ. "ಬ್ರೇಕ್ ಇನ್‌ಸ್ಪೆಕ್ಟರ್ ಬಂದ್ರು, ಎಲ್ಲರೂ ಎದ್ದು ನಿಲ್ಲಿ" ಎನ್ನುತ್ತಿದ್ದಳು ಜಯಶೀಲ, ಕೂತಲ್ಲಿಂದ.

ಹನ್ನೊಂದು ವರ್ಷ ಹಾಗೆ ನಡೆಯಿತು. ಕುರ್ಚಿಯ ಹಿಂಗಾಲು ಗೆದ್ದಲಿಗೆ ಹೋಯಿತು. ಅಷ್ಟು ಹೊತ್ತಿಗೆ ಬ್ರೇಕ್ ಇರುವ ಸ್ಟೀಲಿನ ಗಾಲಿಕುರ್ಚಿ ಬಂತು. ಮುದುಕನಾಗಿದ್ದ ಕಾಳಾಚಾರಿ ಹಳೆಯದನ್ನು ಬಿಚ್ಚಲು ಬಂದ. ನನ್ನ ಜೊತೆಗಾರ ಕೊಳವಿಗಳು ಮೂವರೂ ಇಕ್ಕಳಕ್ಕೆ ಬಂದರು, ಗುಜರಿಯ ಚೀಲಕ್ಕೆ ಹೋದರು. ನನ್ನನ್ನು ಎರಡು ಸಲ ಎಳೆದ. ಹಲ್ಲು ಮರ ಬಿಡಲಿಲ್ಲ. "ಇವನು ಬರಲ್ಲ" ಎಂದ. ಗರಗಸ ತೆಗೆದುಕೊಂಡು ನನ್ನ ಸಮೇತ ಒಂದು ಗೇಣು ಕಾಲನ್ನು ಕತ್ತರಿಸಿ, ತಲೆಕೆಳಗು ಮಾಡಿ, ಜಯಶೀಲಳ ಮೇಜಿನ ಮೇಲೆ ನಿಲ್ಲಿಸಿದ.

ಈಗ ನನ್ನ ಬಾಯಿ ಮೇಲಕ್ಕಿದೆ. ಅದರಲ್ಲಿ ಅವಳು ಗುರುತು ಹಾಕುವ ಪೆನ್ಸಿಲು ಸಿಕ್ಕಿಸುತ್ತಾಳೆ. ಹಗುರವಾದ ವಸ್ತು, ಬಿದ್ದರೂ ಯಾರ ಬದುಕೂ ಬೀಳುವುದಿಲ್ಲ. ಆದರೂ ಅದು ಒಳಗೆ ಬಂದ ಕೂಡಲೇ ಹೆದರಿ ಮುದುಡುತ್ತೇನೆ. ಈ ಹೆದರಿಕೆ ಹೋಗುವುದಿಲ್ಲವೆಂದು ತಿಳಿದಿದೆ, ಹೋಗಲಿ ಎಂದು ಈಗ ಕೇಳುವುದೂ ಇಲ್ಲ. ಷಡಕ್ಷರಿಯದೂ ಹೋಗಿಲ್ಲ. ತಲೆ ನರೆತಿದೆ, ಆಟೋ ಮಾರಿದ್ದಾನೆ. ಹೊಸ ಕುರ್ಚಿಗೆ ಎಳೆದು ನೋಡುವಂಥ ಗಾಲಿಯೂ ಇಲ್ಲ. ಆದರೆ ಬೆಳಗ್ಗೆ ಕಾಫಿ ಕುಡಿದು ಕೋಣೆಗೆ ಬರುತ್ತಾನೆ. ಏನು ಮಾಡಲೂ ತೋಚದೆ ನನ್ನನ್ನು ಎತ್ತಿಕೊಂಡು, ತಲೆಕೆಳಗು ಮಾಡಿ, ಕಿವಿಯ ಹತ್ತಿರ ಹಿಡಿದು ಜಾಡಿಸುತ್ತಾನೆ.

"ಬಿತ್ತಾ ಅಣ್ಣ?" ಎನ್ನುತ್ತಾಳೆ ಜಯಶೀಲ, ಮಷೀನಿನಿಂದ ತಲೆ ಎತ್ತದೆ.

"ಇಲ್ಲ ಕಣಮ್ಮ" ಎಂದು ನನ್ನನ್ನು ಅಲ್ಲೇ ಇಟ್ಟು ಹೋಗುತ್ತಾನೆ.