ನಾಲ್ಕು ಜನರ ಪಾಸು

ಪಾಸು ಬಂದದ್ದು ಎರಡು ಸಾವಿರದ ಎಂಟರ ಫೆಬ್ರುವರಿಯಲ್ಲಿ. ಶಿರಸಿಯ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಕಿಶೋರನ ಔಷಧಿ ಅಂಗಡಿ. ಹಿಂದಿನ ವರ್ಷ ತಾಲೂಕಿನಲ್ಲಿ ಒಂದು ಕಂಪನಿಯ ಕೆಮ್ಮಿನ ಔಷಧಿಯನ್ನು ಎಲ್ಲರಿಗಿಂತ ಹೆಚ್ಚು ಮಾರಿದವನು ಅವನಂತೆ. ಅದಕ್ಕೆ ಕಂಪನಿಯವರು ಬೆಂಗಳೂರಿನ ಹೊರವಲಯದ ಒಂದು ವಾಟರ್ ಪಾರ್ಕಿಗೆ ಪಾಸು ಕಳಿಸಿದ್ದರು. ಗಂಡ ಹೆಂಡತಿ, ಇಬ್ಬರು ಮಕ್ಕಳು. ಒಂದು ರಾತ್ರಿ ಹೋಟೆಲ್ ವಾಸ. ಮೇ ಮೂವತ್ತೊಂದರೊಳಗೆ ಹೋಗಿ ಬರಬೇಕು.

ಕಿಶೋರನಿಗೆ ಇಬ್ಬರು ಮಕ್ಕಳೇ. ಆದರೆ ದೊಡ್ಡವಳು ಗಗನಾಗೆ ಹತ್ತು ವರ್ಷ, ಚಿಕ್ಕವನು ಸುಹಾಸನಿಗೆ ಆಗ ಆರು ತಿಂಗಳು.

ಗಗನಾ ಆ ಪಾರ್ಕಿನ ಹೆಸರು ಮೊದಲು ಎತ್ತಿದ್ದು ಎರಡು ವರ್ಷದ ಹಿಂದೆ. ಆಗ ಮುಂದಿನ ಬೇಸಿಗೆ ರಜೆಗೆ ಅಂದಿದ್ದರು. ಮುಂದಿನ ಬೇಸಿಗೆಯಲ್ಲಿ ಅವಳ ತಾಯಿ ಪರಿಮಳಾ ಐದೂವರೆ ತಿಂಗಳ ಬಸುರಿ. ದೂರದ ಬಸ್ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದರು. ದಸರಾ ರಜೆಗೆ ನೋಡೋಣ ಅಂದರು. ದಸರಾ ಹೊತ್ತಿಗೆ ಸುಹಾಸ ಎರಡು ತಿಂಗಳ ಕೂಸು. ಗಗನಾ ಹಟ ಮಾಡುವ ಹುಡುಗಿಯಲ್ಲ. ಪ್ರತಿ ಸಲವೂ ‘ಹೂಂ’ ಎಂದು ಹೇಳಿ ತನ್ನ ಕೋಣೆಗೆ ಹೋಗುತ್ತಿದ್ದಳು. ಪರಿಮಳಾಗೆ ಆ ‘ಹೂಂ’ ಅತ್ತು ರಂಪ ಮಾಡುವುದಕ್ಕಿಂತ ಕಷ್ಟವಾಗುತ್ತಿತ್ತು.

ಪಾಸು ಬಂದ ದಿನ ಪರಿಮಳಾಗೆ ಖುಷಿಯೇ ಆಯಿತು. ಮಾರನೇ ದಿನದಿಂದ ಗೊಂದಲ ಶುರುವಾಯಿತು.

ಏಪ್ರಿಲ್ ಕೊನೆಗೆ ಹೋದರೆ ಸುಹಾಸನಿಗೆ ಎಂಟು ತಿಂಗಳು ತುಂಬಿರುತ್ತದೆ. ಅತ್ತೆ ಸೀತಮ್ಮ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು: ವರ್ಷ ತುಂಬುವವರೆಗೆ ಬೇಡ, ಹಲ್ಲು ಬರುವ ಹೊತ್ತಿನಲ್ಲಿ ನೀರು ಬದಲಾದರೆ ಭೇದಿ ಹಿಡಿಯುತ್ತದೆ. ವಾನಳ್ಳಿಯಲ್ಲಿದ್ದ ಪರಿಮಳಾಳ ಅಮ್ಮ ಫೋನಿನಲ್ಲಿ ಅದಕ್ಕೆ ತೀರಾ ವಿರುದ್ಧ ಹೇಳಿದಳು. ಎಂಟು ತಿಂಗಳ ಕೂಸು ಎತ್ತಿಕೊಂಡಲ್ಲಿ ಇರುತ್ತದೆ, ನಡೆಯಲು ಕಲಿತ ಮೇಲೆ ಅದರ ಹಿಂದೆ ಓಡುವುದರಲ್ಲೇ ಪ್ರವಾಸ ಮುಗಿಯುತ್ತದೆ, ಹೋಗುವುದಾದರೆ ಈಗಲೇ ಹೋಗಿ ಅಂದಳು. ಪರಿಮಳಾಗೆ ಇಬ್ಬರ ಮಾತೂ ನಿಜವೆನಿಸಿತು.

ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟರನ್ನು ಕೇಳಿದಳು. ಅವರು ಸುಹಾಸನ ಹೊಟ್ಟೆ ಮುಟ್ಟಿ ನೋಡಿ, ಕರೆದುಕೊಂಡು ಹೋಗಬಹುದು, ತೊಂದರೆ ಏನಿಲ್ಲ ಅಂದರು. ಅವಳು ಬಾಗಿಲವರೆಗೆ ಬಂದಿದ್ದಾಗ, ಹೋಗದಿದ್ದರೂ ಅವನಿಗೇನೂ ನಷ್ಟವಿಲ್ಲ, ದೊಡ್ಡವನಾದ ಮೇಲೆ ಅವನಿಗೆ ಅದರ ನೆನಪೇ ಇರುವುದಿಲ್ಲ ಎಂದು ಸೇರಿಸಿದರು. ಪಾಸಿನ ಹಿಂದೆ ಬರೆದಿದ್ದ ನಂಬರಿಗೆ ಫೋನು ಮಾಡಿದರೆ ಅಲ್ಲಿಯ ಹುಡುಗಿ, ಕೂಸುಗಳಿಗೆ ಟಿಕೆಟ್ ಇಲ್ಲ, ಹಾಲೂಡಿಸಲು ಕೋಣೆ ಇದೆ, ಬಿಸಿನೀರೂ ಸಿಗುತ್ತದೆ, ಆದರೆ ಕೂಸನ್ನು ಯಾವ ಆಟಕ್ಕೂ ಬಿಡುವುದಿಲ್ಲ, ಒಬ್ಬರು ಹೊರಗೆ ಕೂರಬೇಕಾಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಆ ಒಬ್ಬರು ಯಾರೆಂದು ಪರಿಮಳಾಗೆ ಕೇಳದೆಯೇ ಗೊತ್ತಿತ್ತು.

ಕಿಶೋರನನ್ನು ಕೇಳಿದರೆ ಅವನದು ಒಂದೇ ಉತ್ತರ.

“ನಂಗೆ ಎರಡೂ ಸರಿ ಕಾಣ್ತು. ನೀ ಹೇಳಿದಾಂಗೆ ಮಾಡನ.”

ಒಳ್ಳೆಯ ಮನುಷ್ಯನೇ. ಆದರೆ ಈ ಮಾತು ಕೇಳಿದಾಗಲೆಲ್ಲ ಪರಿಮಳಾಗೆ ಹೊರಲಾರದ ಗಂಟೊಂದನ್ನು ಅವನು ಮೆಲ್ಲಗೆ ತನ್ನ ತಲೆಯ ಮೇಲಿಟ್ಟು ಪಕ್ಕಕ್ಕೆ ಸರಿದ ಹಾಗೆ ಅನಿಸುತ್ತಿತ್ತು.

ಅವಳು ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹೆರಿಗೆ ರಜೆ ಮುಗಿದ ಮೇಲೆ ದಿನಾ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದಳು. ಅಷ್ಟು ಹೊತ್ತು ಸುಹಾಸ ಸೀತಮ್ಮನ ಹತ್ತಿರ ರಾಗಿ ಮಣ್ಣಿ ತಿಂದು, ಆಕಳ ಹಾಲು ಕುಡಿದು ಚೆನ್ನಾಗೇ ಇರುತ್ತಿದ್ದ. ಬಸ್ಸಿನಲ್ಲಿ ಕೂತು ಅವಳು ಇದನ್ನೇ ಯೋಚಿಸುತ್ತಿದ್ದಳು. ಕೆಲಸಕ್ಕೆಂದು ದಿನಾ ಬಿಟ್ಟು ಹೋಗುವುದು ತಪ್ಪಲ್ಲ, ಆಟಕ್ಕೆಂದು ಎರಡು ದಿನ ಬಿಟ್ಟು ಹೋದರೆ ತಪ್ಪು. ಹೀಗೆಂದು ತನಗೆ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಆದರೂ ಹಾಗೆ ಅನಿಸುತ್ತಿತ್ತು.

ಮಾರ್ಚಿನ ಮೊದಲ ವಾರ ಎಲ್ಲರೂ ಹೋಗುವುದು ಎಂದಾಯಿತು. ಎರಡನೇ ವಾರ ಸುಹಾಸನಿಗೆ ಶೀತವಾಗಿ ಮೂರು ದಿನ ಮೂಗು ಕಟ್ಟಿತು. ಯಾರೂ ಹೋಗುವುದಿಲ್ಲ ಎಂದಾಯಿತು. ಶೀತ ವಾಸಿಯಾದ ಮೇಲೆ ಕಿಶೋರ ಮತ್ತು ಗಗನಾ ಇಬ್ಬರೇ ಹೋಗಿ ಬರಲಿ, ತಾನು ಕೂಸಿನ ಜೊತೆ ಇರುತ್ತೇನೆ ಎಂದು ಪರಿಮಳಾ ಹೇಳಿದಳು. ಕಿಶೋರ ಅದಕ್ಕೂ ಒಪ್ಪಿದ. ಸೀತಮ್ಮನಿಗೂ ಸಮಾಧಾನವಾಯಿತು. ಎಲ್ಲರೂ ಒಪ್ಪಿದರು ಎಂದು ಗೊತ್ತಾದ ಗಳಿಗೆಯಿಂದ ಪರಿಮಳಾಗೆ ಯಾಕೋ ಊಟ ಸೇರದಾಯಿತು. ನೀರಿನಲ್ಲಿ ಆಡುವ ಆಸೆ ತನಗೆ ಅಷ್ಟಿದೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಹಾಗೇನೂ ಇದ್ದ ಹಾಗೆ ಕಾಣಲಿಲ್ಲ.

ಗಗನಾಳ ಶಾಲೆಯ ಕನ್ನಡ ಟೀಚರು ನೀಲಗಂಗವ್ವ ಇದ್ದದ್ದು ಅದೇ ಓಣಿಯಲ್ಲಿ. ಹಾವೇರಿ ಕಡೆಯವರು, ಜೋರು ದನಿಯ ಹೆಂಗಸು. ಮಾರ್ಚ್ ಮುಗಿಯುವ ಹೊತ್ತಿಗೆ ಒಂದು ಸಂಜೆ ಪರಿಮಳಾ ಬಸ್ಸಿಳಿದು ಬರುವಾಗ ಅವರು ಗೇಟಿನ ಹತ್ತಿರ ನಿಲ್ಲಿಸಿ ಮಾತಾಡಿಸಿದರು.

“ನಿಮ್ಮ ಮಗಳು ಪ್ರಬಂಧ ಭಾಳ ಛಲೋ ಬರದಾಳ್ರಿ. ಇಡೀ ಕ್ಲಾಸಿಗೆ ಓದಿಸೀನಿ. ನೀವೂ ಒಂದು ಸಲ ಹೋಗಿ ಬರಬೇಕಿತ್ತು ನೋಡ್ರಿ.”

ಎಲ್ಲಿಗೆ ಎಂದು ಕೇಳಬೇಕೆನಿಸಿದರೂ ಪರಿಮಳಾ ಕೇಳಲಿಲ್ಲ. ನೀಲಗಂಗವ್ವ ಒಳಗೆ ಹೋಗಿ ನೋಟ್‌ಬುಕ್ ತಂದು ಕೈಗೆ ಕೊಟ್ಟರು.

‘ನಾನು ಮಾಡಿದ ಪ್ರವಾಸ’ ಎಂಬುದು ವಿಷಯ. ಗಗನಾ ಮೂರು ಪುಟ ಬರೆದಿದ್ದಳು. ಪಾರ್ಕಿನ ಬಾಗಿಲಲ್ಲಿ ಎತ್ತರ ಅಳೆಯುವ ಕೋಲು, ಅಲೆ ಏಳುವ ಕೊಳ, ಎರಡು ಮಹಡಿ ಎತ್ತರದಿಂದ ಸೊಯ್ಯೆಂದು ಇಳಿಯುವ ಜಾರುಬಂಡಿ, ಅಪ್ಪನ ಕನ್ನಡಕ ನೀರಿನಲ್ಲಿ ಬಿದ್ದದ್ದು, ಅದನ್ನು ಹುಡುಕಿದ್ದು. ಎಲ್ಲವೂ ಕಣ್ಣಾರೆ ಕಂಡವರು ಬರೆದ ಹಾಗಿತ್ತು. ಎರಡನೇ ಪುಟದ ನಡುವೆ ಒಂದು ಸಾಲು: ‘ನನ್ನ ತಾಯಿ ಬರಲಿಲ್ಲ. ಅವರು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಇದ್ದರು.’ ಆ ಸಾಲಿನಲ್ಲಿ ಬೇಸರವೂ ಇರಲಿಲ್ಲ, ದೂರೂ ಇರಲಿಲ್ಲ. ಮಧ್ಯಾಹ್ನ ಇಡ್ಲಿ ತಿಂದೆವು ಎಂಬ ಮುಂದಿನ ಸಾಲಿನ ಹಾಗೆಯೇ ಇತ್ತು.

ಪ್ರಬಂಧದ ಕೆಳಗೆ ತಾರೀಕು ಇತ್ತು. ಪರಿಮಳಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಿಶೋರ ಮತ್ತು ಗಗನಾ ಮಾತ್ರ ಹೋಗುವುದು ಎಂದು ಮನೆಯಲ್ಲಿ ತೀರ್ಮಾನವಾಗುವ ಎರಡು ವಾರ ಮೊದಲೇ ಮಗಳು ಅದನ್ನು ಬರೆದಿದ್ದಳು.

ರಾತ್ರಿ ಊಟಕ್ಕೆ ಮುಂಚೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಟ್‌ಬುಕ್ ತೋರಿಸಿದಳು. ಬೈಯಲಿಲ್ಲ. ಹೋಗದೆ ಹೋದೆನೆಂದು ಯಾಕೆ ಬರೆದೆ ಎಂದಷ್ಟೇ ಕೇಳಿದಳು. ಗಗನಾ ಬೆರಳಲ್ಲಿ ಚಾಪೆಯ ಅಂಚನ್ನು ತೀಡಿದಳು.

“ಎಲ್ಲರೂ ಬರೆದ್ದ. ಆನೂ ಹೋಗ್ತೆ ಅಲ್ದಾ, ಅದಕ್ಕೆ ಬರೆದೆ.”

“ಆನು ಬತ್ನಿಲ್ಲೆ ಹೇಳಿ ನಿಂಗೆ ಯಾರು ಹೇಳಿದ್ದು?”

“ಯಾರೂ ಹೇಳಿದ್ವಿಲ್ಲೆ, ಆಯಿ. ಹಾಂಗೇ ಗೊತ್ತಾತು.”

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಿಶೋರ ಎಲೆ ಅಡಿಕೆಯ ಬಟ್ಟಲು ಎಳೆದುಕೊಳ್ಳುತ್ತಿದ್ದಾಗ ಪರಿಮಳಾ ಹೇಳಿದಳು.

“ಗಗನಾನ ಆನೇ ಕರ್ಕಂಡು ಹೋಗ್ತೆ. ಸುಹಾಸ ಇಲ್ಲೇ ಇರ್ಲಿ, ನಿಮ್ಮ ಹತ್ರ.”

ಕಿಶೋರನ ಕೈ ನಿಂತಿತು. ಸೀತಮ್ಮ ಅಡಿಗೆ ಮನೆಯಿಂದ ಬಾಗಿಲಿಗೆ ಬಂದರು. ಮೊಲೆ ಕುಡಿಯುವ ಕೂಸನ್ನು ಬಿಟ್ಟು ತಾಯಿ ಊರು ಸುತ್ತುವುದನ್ನು ತಾನು ಕೇಳಿದ್ದಿಲ್ಲ ಅಂದರು. ಕಿಶೋರನಿಗೆ ತಾನು ಮೂರು ರಾತ್ರಿ ಕೂಸನ್ನು ಮಲಗಿಸಬೇಕು ಎಂಬುದೇ ದೊಡ್ಡ ದಿಗಿಲು. ಅವನು ಮೊದಲ ಬಾರಿಗೆ ‘ನೀ ಹೇಳಿದಾಂಗೆ’ ಅನ್ನಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂದ. ಎರಡು ದಿನ ಯೋಚಿಸಿದ. ಮೂರನೇ ದಿನ ಬೆಳಿಗ್ಗೆ ಅಂಗಡಿಗೆ ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತ, ಒಂದು ಸಲ ನೋಡೇ ಬಿಡೋಣ ಅಂದ.

ಪ್ರಯೋಗಕ್ಕೆಂದು ಪರಿಮಳಾ ಒಂದು ಶನಿವಾರ ವಾನಳ್ಳಿಯ ತವರಿಗೆ ಹೋದಳು. ರಾತ್ರಿ ಅಲ್ಲೇ ಉಳಿದು ಮಾರನೇ ದಿನ ಬರುವುದೆಂದು ಮಾತಾಗಿತ್ತು. ಸಂಜೆ ಐದಕ್ಕೆ ಅವಳಿಗೆ ತಡೆಯಲಾಗಲಿಲ್ಲ. ಕೊನೆಯ ಬಸ್ಸು ಹಿಡಿದು ವಾಪಸು ಬಂದಳು. ಸುಹಾಸ ಕಿಶೋರನ ಹೊಟ್ಟೆಯ ಮೇಲೆ ಬೋರಲಾಗಿ ನಿದ್ದೆ ಹೋಗಿದ್ದ. ಬಂದದ್ದು ಒಳ್ಳೆಯದಾಯಿತೋ ಬರಬಾರದಿತ್ತೋ ಅವಳಿಗೆ ತಿಳಿಯಲಿಲ್ಲ. ಗಗನಾ ಬಾಗಿಲಲ್ಲಿ ನಿಂತು ಅವಳನ್ನು ನೋಡಿ ತನ್ನ ಕೋಣೆಗೆ ಹೋದಳು. ಆ ರಾತ್ರಿಯೇ ಪರಿಮಳಾ ಬಟ್ಟೆ ಜೋಡಿಸತೊಡಗಿದಳು.

ಏಪ್ರಿಲ್ ಇಪ್ಪತ್ತಾರರ ಸಂಜೆಯ ಬಸ್ಸಿಗೆ ತಾಯಿ ಮಗಳು ಹೊರಟರು. ಮಾರನೇ ದಿನ ಹನ್ನೊಂದು ಗಂಟೆಗೆ ಪಾರ್ಕಿನ ಬಾಗಿಲು ತೆರೆಯಿತು. ಎತ್ತರ ಅಳೆಯುವ ಕೋಲಿನ ಹತ್ತಿರ ಗಗನಾ ಬೆನ್ನು ನೆಟ್ಟಗೆ ಮಾಡಿ ನಿಂತಳು. ಗೆರೆಗಿಂತ ಎರಡು ಬೆರಳು ಮೇಲೇ ಇದ್ದಳು. ಕೈಗೆ ಪಟ್ಟಿ ಕಟ್ಟಿ ಒಳಗೆ ಬಿಟ್ಟರು.

ಮೊದಲ ಎರಡು ತಾಸು ಪರಿಮಳಾಗೆ ಬೇರೇನೂ ನೆನಪಾಗಲಿಲ್ಲ. ಅಲೆಯ ಕೊಳದಲ್ಲಿ ಮಗಳ ಕೈ ಹಿಡಿದು ನಿಂತಳು, ಬಿದ್ದಳು, ಎದ್ದಳು. ಆಮೇಲೆ ಎದೆ ಬಿಗಿಯತೊಡಗಿತು. ಎರಡು ಗಂಟೆಯ ಹೊತ್ತಿಗೆ ಕೈ ಎತ್ತಿದರೂ ನೋವು. ತಾಯಂದಿರ ಕೋಣೆ ಎಲ್ಲಿದೆ ಎಂದು ಕೇಳಿ, ಹೊರಗಿನ ಬೆಂಚಿನ ಮೇಲೆ ಗಗನಾಳನ್ನು ಕೂರಿಸಿ, ಇಲ್ಲೇ ಇರು, ಈಗ ಬಂದೆ ಎಂದು ಒಳಗೆ ಹೋದಳು.

ಒಳಗೆ ಒಬ್ಬಳು ಎಳೆಯ ಬಾಣಂತಿ ಮೂರು ತಿಂಗಳ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂಸಿನ ಕುತ್ತಿಗೆಯಲ್ಲಿ ಬೆವರು ಗುಳ್ಳೆ ಎದ್ದಿತ್ತು. ನಿಮ್ಮ ಮಗು ಎಲ್ಲಿ ಎಂದು ಕೇಳಿದಳು. ಮನೆಯಲ್ಲಿ ಎಂದು ಪರಿಮಳಾ ಹೇಳಿದಳು. ನೀವು ಮಾಡಿದ್ದೇ ಸರಿ, ನಾನು ಬೆಳಿಗ್ಗೆಯಿಂದ ಈ ಕೋಣೆ ಬಿಟ್ಟು ಹೊರಗೆ ಹೋಗಿಲ್ಲ ಎಂದಳು ಆ ಹುಡುಗಿ. ಆ ಮಾತು ಪರಿಮಳಾಗೆ ಸಮಾಧಾನ ಕೊಡಬೇಕಿತ್ತು. ಅವಳು ಮಾತ್ರ ತೊಡೆಯ ಮೇಲಿನ ಕೂಸನ್ನೇ ನೋಡುತ್ತಿದ್ದಳು. ಆಮೇಲೆ ಗೋಡೆಯ ಕಡೆ ತಿರುಗಿ, ಬೇಸಿನ್ನಿನ ಮೇಲೆ ಬಗ್ಗಿ ಹಾಲು ಹಿಂಡಿ ತೆಗೆದಳು. ನಲ್ಲಿ ಬಿಟ್ಟು ಅದು ಕೊಚ್ಚಿ ಹೋಗುವವರೆಗೂ ಅಲ್ಲೇ ನಿಂತಳು. ಅಳು ಬಂತು. ನೋವಿಗೋ ಹಾಲಿಗೋ ಗೊತ್ತಾಗಲಿಲ್ಲ.

ಕೋಣೆಯಿಂದ ಕಿಶೋರನ ಮೊಬೈಲಿಗೆ ಫೋನು ಮಾಡಿದಳು. ಮಣ್ಣಿ ತಿಂದ, ಆಡಿದ, ಈಗ ಮಲಗಿದ್ದಾನೆ ಅಂದ. ನನ್ನ ಹುಡುಕಿದನಾ ಎಂದು ಕೇಳಿದಳು. ಕಿಶೋರ ಸ್ವಲ್ಪ ತಡೆದು, ಹಾಗೇನೂ ಇಲ್ಲ, ನೀನು ಆರಾಮಾಗಿರು ಅಂದ.

ಹೊರಗೆ ಬಂದರೆ ಬೆಂಚು ಖಾಲಿಯಿತ್ತು.

ಗಡಿಯಾರ ನೋಡಿದಳು. ಒಳಗೆ ಹೋಗಿ ಇಪ್ಪತ್ತೈದು ನಿಮಿಷವಾಗಿತ್ತು. ಒದ್ದೆ ಬಟ್ಟೆಯ ನೂರಾರು ಮಕ್ಕಳ ನಡುವೆ ಗಗನಾಳ ಹಸಿರು ಅಂಗಿಯನ್ನು ಹುಡುಕುತ್ತ ಓಡಿದಳು. ಹೆಸರು ಕೂಗಿದರೆ ನೀರಿನ ಸದ್ದಿನಲ್ಲಿ ತನ್ನ ದನಿ ತನಗೇ ಕೇಳಿಸಲಿಲ್ಲ. ಒಂದು ಕೂಸನ್ನು ಬಿಟ್ಟು ಬಂದೆ, ಇನ್ನೊಂದನ್ನು ಕಳೆದುಕೊಂಡೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಸೆಕ್ಯುರಿಟಿಯವನಿಗೆ ಹೇಳಲೆಂದು ತಿರುಗಿದಾಗ ದೊಡ್ಡ ಜಾರುಬಂಡಿಯ ಸಾಲಿನಲ್ಲಿ, ಮೆಟ್ಟಿಲಿನ ಬುಡದಲ್ಲಿ, ಮಗಳು ನಿಂತಿದ್ದು ಕಾಣಿಸಿತು. ಇವಳನ್ನು ನೋಡಿ ಕೈಯೆತ್ತಿದಳು.

ಹತ್ತಿರ ಹೋಗಿ ತೋಳು ಹಿಡಿದಳು.

“ನಿಂಗೆ ತಡ ಆಗ್ತು ಅಂದ್ಕಂಡೆ,” ಅಂದಳು ಗಗನಾ. “ಸಾಲು ಉದ್ದ ಇತ್ತು. ನಮ್ಮಿಬ್ರಿಗೂ ಜಾಗ ಹಿಡ್ದಿದ್ದೆ.”

ಇಬ್ಬರೂ ಮೆಟ್ಟಿಲು ಹತ್ತಿದರು. ಮೇಲೆ ಮಗಳನ್ನು ಮುಂದೆ ಕೂರಿಸಿ ಪರಿಮಳಾ ಹಿಂದಿನಿಂದ ತಬ್ಬಿ ಹಿಡಿದಳು. ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದರು. ಕೆಳಗೆ ಬಂದು ಬೀಳುವವರೆಗೂ ಅವಳು ಕಿರುಚಿದಳು. ಅಷ್ಟು ಜೋರಾಗಿ ತಾನು ಕಿರುಚಬಲ್ಲೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗಗನಾ ನೀರು ಉಗುಳುತ್ತ ನಕ್ಕು ನಕ್ಕು ಸುಸ್ತಾದಳು. ಮತ್ತೊಮ್ಮೆ ಹೋಗೋಣ ಅಂದಳು. ಮೂರು ಸಲ ಹೋದರು.

ಇಪ್ಪತ್ತೊಂಬತ್ತರ ಬೆಳಿಗ್ಗೆ ಶಿರಸಿಯಲ್ಲಿ ಇಳಿದಾಗ ಪರಿಮಳಾ ಆಟೋದಲ್ಲಿ ಚೀಲ ಬಿಟ್ಟೇ ಮನೆಯೊಳಗೆ ಓಡಿದಳು. ಸುಹಾಸ ಸೀತಮ್ಮನ ಸೊಂಟದ ಮೇಲಿದ್ದ. ಕೈ ಚಾಚಿದಳು. ಅವನು ಅವಳ ಮುಖವನ್ನು ತುಸು ಹೊತ್ತು ನೋಡಿ, ತಿರುಗಿ ಅಜ್ಜಿಯ ಹೆಗಲಿಗೆ ಮುಖ ಒತ್ತಿದ. ಮತ್ತೆ ಕರೆದಳು. ಬರಲಿಲ್ಲ. ಸೀತಮ್ಮ ಏನಾದರೂ ಅನ್ನುತ್ತಾರೆಂದು ಕಾದಳು.

“ಮೊದ್ಲು ಮಿಂದ್ಕಂಡು ಬಾ ತಂಗಿ,” ಅಂದರು ಅವರು ಮೆತ್ತಗೆ. “ನಿನ್ನ ಮೈಯೆಲ್ಲ ಬಸ್ಸಿನ ವಾಸನೆ. ಅದಕ್ಕೆ ಗುರ್ತ ಸಿಕ್ಕಿದ್ದಿಲ್ಲೆ.”

ಮಿಂದು ಹಳೆಯ ಸೀರೆ ಉಟ್ಟು ಬಂದ ಮೇಲೂ ಅರ್ಧ ತಾಸು ಬೇಕಾಯಿತು. ಆಮೇಲೆ ತಾನಾಗಿಯೇ ತೆವಳುತ್ತ ಬಂದು ಸೆರಗು ಹಿಡಿದ. ಅವಳು ಒಳಕೋಣೆಯ ಮಂಚದ ಮೇಲೆ ಕೂತು ಹಾಲು ಕುಡಿಸಿದಳು. ಎರಡು ದಿನಕ್ಕೆ ಅವನು ತುಸು ಭಾರವಾದಂತೆ ಅನಿಸಿತು. ಹಾಗಾಗಲು ಸಾಧ್ಯವಿರಲಿಲ್ಲ. ಕಿಶೋರ ಬಂದು ಪಕ್ಕದಲ್ಲಿ ಕೂತ. ಮುಂದಿನ ವರ್ಷ ನಾಲ್ಕೂ ಜನ ಹೋಗೋಣ, ಆಗ ಇವನಿಗೂ ನಡೆಯಲು ಬರುತ್ತದೆ ಅಂದ. ಅವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡಳು.

ಹೊರಗೆ ಜಗಲಿಯಲ್ಲಿ ಗಗನಾ ಅಜ್ಜಿಗೆ ಪಾರ್ಕಿನ ಕತೆ ಹೇಳುತ್ತಿದ್ದಳು. ಅಲೆಯ ಕೊಳ ಬಂತು, ಜಾರುಬಂಡಿ ಬಂತು, ಆಯಿ ಕಿರುಚಿದ್ದು ಬಂತು. ತಾನು ಬೆಂಚಿನ ಮೇಲೆ ಒಬ್ಬಳೇ ಕೂತದ್ದು, ಆಯಿ ತನ್ನನ್ನು ಹುಡುಕಿದ್ದು ಬರಲಿಲ್ಲ. ಪರಿಮಳಾ ಕಿವಿಗೊಟ್ಟು ಕೇಳಿದಳು. ಮಗಳು ಬೇಕೆಂದೇ ಬಿಟ್ಟಳೋ, ಅವಳಿಗೆ ಅದು ಹೇಳುವಷ್ಟು ದೊಡ್ಡದೇ ಆಗಿರಲಿಲ್ಲವೋ ತಿಳಿಯಲಿಲ್ಲ. ಕರೆದು ಕೇಳೋಣ ಅನಿಸಿತು. ಮಡಿಲಲ್ಲಿ ಸುಹಾಸ ನಿದ್ದೆ ಹೋಗಿದ್ದ, ಎದ್ದಾನೆಂದು ಸುಮ್ಮನಾದಳು.