ಬಾಗಿಲ ಬಳಿಯ ಕೌಂಟರ್

ಪೇಟೆಯ ನಡುಮಧ್ಯದಲ್ಲಿ ಮನೆ ಮಾಡಿದವರಿಗೆ ಎಲ್ಲವೂ ಕೈಗೆಟುಕುತ್ತದೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಬ್ಯಾಂಕು, ಚಿತ್ರಮಂದಿರ, ರೈಲು ನಿಲ್ದಾಣ ಎಲ್ಲ ಕಾಲ್ನಡಿಗೆಯ ದೂರದಲ್ಲಿವೆ, ನಿಜ. ಆದರೆ ಒಂದು ಕಟ್ಟು ಸೊಪ್ಪು ಬೇಕೆಂದರೆ ತಲೆ ಕೆರೆದುಕೊಳ್ಳಬೇಕು. ನಿಲ್ದಾಣದ ಎದುರಿನ ತರಕಾರಿ ಅಂಗಡಿ ಮೊಬೈಲು ಮಾರುವ ಅಂಗಡಿಯಾಯಿತು. ಅಂಚೆ ಕಚೇರಿ ಪಕ್ಕದ ದಿನಸಿ ಅಂಗಡಿ ವ್ಯಾಯಾಮಶಾಲೆಯಾಯಿತು. ಹಿಂದೆ ಕೂಲಿಯವರು ಸಂಬಳ ಪಡೆದು ಮೂಟೆ ಎತ್ತುತ್ತಿದ್ದ ಜಾಗದಲ್ಲಿ ಈಗ ಜನ ತಾವೇ ದುಡ್ಡು ಕೊಟ್ಟು ಕಬ್ಬಿಣ ಎತ್ತುತ್ತಾರೆ. ಉಳಿದದ್ದು ಕಚೇರಿ ಗೋಪುರದ ನೆಲ ಅಂತಸ್ತಿನಲ್ಲಿದ್ದ ದೊಡ್ಡ ಅಂಗಡಿ ಒಂದೇ. ಅದು ಬೇಡವೆಂದರೆ ಎರಡು ಬಸ್ಸು ಬದಲಿಸಿ ಸೇತುವೆಯಾಚೆ ಹೋಗಬೇಕು.

ಆ ಅಂಗಡಿಯಲ್ಲಿ, ಬಾಗಿಲ ಬಳಿಯ ಕೌಂಟರಿನಲ್ಲಿ ನಿಂತು ಬಿಲ್ಲು ಹಾಕುತ್ತಿದ್ದವಳನ್ನು ಎಲ್ಲರೂ ಚುರುಕಿ ಎಂದೇ ಕರೆಯುತ್ತಿದ್ದರು. ಅವಳ ಕೈ ಹಾಗಿತ್ತು. ಗಿರಾಕಿ ಚೀಲದ ಬಾಯಿ ಬಿಡಿಸುವಷ್ಟರಲ್ಲಿ ಈರುಳ್ಳಿ ತೂಕವಾಗಿ, ಸೋಪು ದಾಟಿ, ಮೊಟ್ಟೆ ಎಲ್ಲದರ ಮೇಲೆ ಕೂತಿರುತ್ತಿತ್ತು. ಯಾರನ್ನೂ ಕಾಯಿಸಬಾರದು ಎಂಬುದು ಅವಳ ಹಟ. ಯಾರಾದರೂ ಒಂದು ಸಲ ಗಡಿಯಾರ ನೋಡಿಕೊಂಡರೂ ಸಾಕು, ಅವಳಿಗೆ ಆ ದಿನದ ಊಟ ರುಚಿಸುತ್ತಿರಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ಗೋಡೆಯುದ್ದಕ್ಕೂ ಯಂತ್ರಗಳು ಬಂದು ನಿಂತವು. ಗಿರಾಕಿಗಳೇ ಸಾಮಾನು ತೋರಿಸಿ, ಗಿರಾಕಿಗಳೇ ಹಣ ಕಟ್ಟಿ ಹೋಗುವ ಯಂತ್ರಗಳು. ಉಳಿದ ಕೌಂಟರುಗಳನ್ನು ಕಳಚಿದರು. ಮೇಲ್ವಿಚಾರಕ ಚುರುಕಿಯನ್ನು ತನ್ನ ಗಾಜಿನ ಕೋಣೆಗೆ ಕರೆದ. ಕೆಟ್ಟವನಲ್ಲ; ಕೆಟ್ಟ ಸುದ್ದಿ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವ ಜಾತಿಯವನು.

"ನಿಮ್ಮದೊಂದು ಕೌಂಟರು ಸದ್ಯಕ್ಕೆ ಇರುತ್ತೆ ಅಕ್ಕ. ತಿಂಗಳ ಕೊನೆಗೆ ಮೇಲಿನವರು ಬಂದು ನೋಡ್ತಾರೆ. ಜನ ಬರ್ತಿದ್ರೆ ಸರಿ. ಇಲ್ಲಾಂದ್ರೆ ನಿಮ್ಮನ್ನ ಗೋದಾಮಿಗೆ ಹಾಕ್ತಾರೆ."

ಗೋದಾಮು ಊರಾಚೆ, ಹೆದ್ದಾರಿಯ ಪಕ್ಕ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳಬೇಕು. ಅಲ್ಲಿ ಮಾತಿಗೆ ಸಿಗುವುದು ರಟ್ಟಿನ ಪೆಟ್ಟಿಗೆಗಳು ಮಾತ್ರ. ಚುರುಕಿ ಈ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಬಸ್ಸು ಓಡಿಸುವ ಗಂಡನಿಗೆ ತಲೆಬಿಸಿ ಯಾಕೆ, ಅತ್ತೆಗೆ ರಕ್ತದೊತ್ತಡ ಯಾಕೆ ಎಂದು ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು. ಉಳಿಯುವ ದಾರಿ ಒಂದೇ ಎಂದು ಅವಳಿಗೆ ತೋಚಿತು: ಯಂತ್ರಕ್ಕಿಂತ ಬೇಗ ಕೆಲಸ ಮಾಡುವುದು.

ಮಾಡಿದಳು. ಆದರೆ ಅವಳು ಬೇಗ ಮಾಡಿದಷ್ಟೂ ಕೌಂಟರು ಖಾಲಿಯಾಗುತ್ತ ಹೋಯಿತು. ಅಪರಿಚಿತರು ಯಂತ್ರಕ್ಕೆ ಹೋದರೆ ಬೇಸರವಿರಲಿಲ್ಲ. ಅವಳು ವಾಸವಿದ್ದ ಕಟ್ಟಡದವರೇ, ವರ್ಷಗಟ್ಟಲೆ ಅವಳ ಹತ್ತಿರವೇ ಬರುತ್ತಿದ್ದವರು, ಈಗ ದೂರದಿಂದಲೇ ನಕ್ಕು, ತಲೆ ತಗ್ಗಿಸಿ, ಗೋಡೆಯ ಕಡೆ ಸರಿಯುತ್ತಿದ್ದರು. ಚುರುಕಿಯ ಮನಸ್ಸು ಕೆದಕಲು ಶುರುವಿಟ್ಟಿತು. ಎರಡನೆ ಮಹಡಿಯ ನರ್ಸಮ್ಮನಿಗೆ ಹೋದ ವಾರ ಕೊಳೆತ ಟೊಮೆಟೊ ಹೋಯಿತೇ? ಯಾರಿಗಾದರೂ ಮುಖ ಸಿಂಡರಿಸಿದೆನೇ? ಬೆವರಿನ ವಾಸನೆಯೇನಾದರೂ? ಅಂದಿನಿಂದ ಟೊಮೆಟೊಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದಳು. ಮುಖದ ಮೇಲೆ ಸದಾ ಒಂದು ನಗೆಯನ್ನು ಇಟ್ಟುಕೊಂಡು ದವಡೆ ನೋಯಿಸಿಕೊಂಡಳು.

ಒಂದು ಮಧ್ಯಾಹ್ನ ಯಂತ್ರವೊಂದರ ಮೇಲಿನ ಕೆಂಪು ದೀಪ ಹತ್ತಿತು. ಅವಳ ಕಟ್ಟಡದಲ್ಲೇ ಇದ್ದ ಗಡಿಯಾರ ರಿಪೇರಿಯ ತಾತ ಅದರ ಮುಂದೆ ಬ್ರೆಡ್ಡು ಹಿಡಿದು ನಿಂತಿದ್ದರು. ಜೀವಮಾನವಿಡೀ ಕೂದಲಿನಷ್ಟು ಸಣ್ಣ ಸ್ಪ್ರಿಂಗು ಕೂರಿಸಿದ ಬೆರಳುಗಳು ಈಗ ನಡುಗುತ್ತಿದ್ದವು. ಯಂತ್ರ ಮಾತ್ರ ಹೆಣ್ಣು ದನಿಯಲ್ಲಿ, ಸಾಮಾನನ್ನು ಚೀಲದಲ್ಲಿಡಿ, ಸಾಮಾನನ್ನು ಚೀಲದಲ್ಲಿಡಿ ಎಂದು ಜಪ ಮಾಡುತ್ತಿತ್ತು.

"ಇಟ್ಟೆ ಕಣಮ್ಮ, ಇಟ್ಟೆ," ಎಂದು ತಾತ ಅದಕ್ಕೆ ಸಮಾಧಾನ ಹೇಳುತ್ತಿದ್ದರು.

ಚುರುಕಿ ಹೋಗಿ ಗುಂಡಿ ಒತ್ತಿ ಸರಿಮಾಡಿದಳು. ಹಿಂತಿರುಗದೆ ಅಲ್ಲೇ ನಿಂತು ಕೇಳಿದಳು. "ತಾತ, ನನ್ನ ಹತ್ರ ಬರಬಹುದಿತ್ತಲ್ವಾ? ನಾನೇನಾದ್ರೂ ತಪ್ಪು ಮಾಡಿದ್ನಾ?"

"ಅಯ್ಯೋ, ನೀನ್ಯಾಕೆ ತಪ್ಪು ಮಾಡ್ತೀಯ?" ತಾತ ಬ್ರೆಡ್ಡನ್ನು ಎದೆಗವಚಿಕೊಂಡರು. "ನಿಮ್ಮತ್ತೆ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು ಹೇಳಿದ್ರಲ್ಲ, ನಿಂತೂ ನಿಂತೂ ಸೊಸೆ ಕಾಲು ಕುಂಬಳಕಾಯಿ ಆಗಿದೆ ಅಂತ. ನಾವೆಲ್ಲ ಮಾತಾಡ್ಕೊಂಡ್ವಿ. ಆ ಹುಡುಗಿಗೆ ತೊಂದ್ರೆ ಕೊಡೋದು ಬೇಡ, ಹೇಗೋ ಆ ಡಬ್ಬದ ಹತ್ರ ಏಗೋಣ ಅಂತ."

ಚುರುಕಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬೇಡವೆಂದು ತಾತನ ಚೀಲ ಹಿಡಿದು ಬಾಗಿಲವರೆಗೆ ಬಿಟ್ಟು ಬಂದಳು.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಬೀನ್ಸಿನ ನಾರು ತೆಗೆಯುತ್ತಿದ್ದರು. ಚುರುಕಿ ಎದುರು ಕೂತು ಗೋದಾಮಿನ ವಿಷಯವನ್ನೆಲ್ಲ ಬಿಚ್ಚಿಟ್ಟಳು. ಅತ್ತೆಯ ಕೈ ಅರ್ಧ ನಾರಿನಲ್ಲೇ ನಿಂತಿತು.

"ಇಷ್ಟು ದಿನ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಯಾ?"

"ನಿಮಗೆ ಯೋಚನೆ ಹತ್ತುತ್ತೆ ಅಂತ."

"ಒಳ್ಳೆ ಯೋಚನೆ. ನೀನು ನನ್ನ ಉಳಿಸೋಕೆ ಸುಮ್ಮನಿದ್ದೆ, ನಾನು ನಿನ್ನ ಉಳಿಸೋಕೆ ಊರಿಗೆಲ್ಲ ಡಂಗುರ ಸಾರಿದೆ. ಇಬ್ಬರೂ ಸೇರಿ ಕೆಲಸ ಕೆಡಿಸಿದ್ವಿ." ಅತ್ತೆ ಬೀನ್ಸಿನ ತಟ್ಟೆಯನ್ನು ಸೊಸೆಯ ಕಡೆ ತಳ್ಳಿ ಎದ್ದರು. "ಇದನ್ನ ಮುಗಿಸು. ನಾನು ಸ್ವಲ್ಪ ಮೆಟ್ಟಿಲ ಹತ್ರ ಕೂತು ಬರ್ತೀನಿ."

ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಕಟ್ಟಡದವರು ಬಂದರು. ನರ್ಸಮ್ಮ ಹಾಲಿಗೆ, ತಾತ ಬ್ರೆಡ್ಡಿಗೆ, ಮೇಲಿನ ಮನೆಯ ಅವಳಿ ಮಕ್ಕಳ ತಾಯಿ ಬಿಸ್ಕತ್ತಿಗೆ. ಎಲ್ಲರ ಹಿಂದೆ ಅತ್ತೆ, ಕೈಯಲ್ಲಿ ಒಂದೇ ಒಂದು ನಿಂಬೆಹಣ್ಣು. ಚುರುಕಿಯ ಎದೆ ತುಂಬಿತು, ಕೈಗೆ ರೆಕ್ಕೆ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲು ಕರಗಿ ಅತ್ತೆಯ ನಿಂಬೆಹಣ್ಣು ಮಾತ್ರ ಉಳಿಯಿತು. ಗಾಜಿನ ಕೋಣೆಯಿಂದ ಮೇಲ್ವಿಚಾರಕ ತಲೆಯೆತ್ತಿ ನೋಡಿದಾಗ ಅಲ್ಲಿ ಅತ್ತೆಯ ಹೊರತು ಯಾರೂ ಇರಲಿಲ್ಲ.

"ಕೈಗೆ ಸ್ವಲ್ಪ ಕಡಿವಾಣ ಹಾಕು ಮಾರಾಯ್ತಿ," ಅತ್ತೆ ಪಿಸುಗುಟ್ಟಿದರು. "ನಿನ್ನೆ ಸಂಜೆಯಿಂದ ಜನ ಕೂಡಿಸಿದ್ದೀನಿ, ನೀನು ನೋಡಿದ್ರೆ ನೊಣ ಓಡಿಸೋ ಹಾಗೆ ಓಡಿಸ್ತಿದ್ದೀಯ." ಆಮೇಲೆ ಅಂಗಡಿಗೆಲ್ಲ ಕೇಳುವಂತೆ, "ಈ ನಿಂಬೆಹಣ್ಣು ಹುಳಿ ಇರುತ್ತಾ?" ಎಂದು ಕೇಳಿದರು.

ಬೇಕೆಂದೇ ನಿಧಾನ ಮಾಡುವುದು ಚುರುಕಿಗೆ ಕಳ್ಳತನದಂತೆ ಕಂಡಿತು. ಮರುದಿನ ಪ್ರಯತ್ನಿಸಿದಳು. ಬಿಸ್ಕತ್ತಿನ ಪೊಟ್ಟಣವನ್ನು ಹಿಡಿದು ಸುಮ್ಮನೆ ನಿಂತಳು. ಕಿವಿ ಕೆಂಪಾಯಿತು, ಬೆರಳು ತಮ್ಮಷ್ಟಕ್ಕೆ ಕುಣಿದವು. ಮೂರನೆಯ ಗಿರಾಕಿಯ ಹೊತ್ತಿಗೇ ಅವಳಿಗೆ ಸಾಕಾಗಿ, ಕೌಂಟರಿಗೆ ಸರಪಳಿ ಹಾಕಿ ಗಾಜಿನ ಕೋಣೆಗೆ ಹೋದಳು.

"ಸಾರ್, ಈಗ ಬರ್ತಿರೋ ಜನ ನಮ್ಮ ಕಟ್ಟಡದವರು. ನಾವು ಹೇಳಿದ್ದಕ್ಕೆ ಬರ್ತಿದ್ದಾರೆ. ನಿಮಗೆ ಗೊತ್ತಿರಲಿ ಅಂತ."

ಮೇಲ್ವಿಚಾರಕ ಪೆನ್ನಿನ ಮುಚ್ಚಳ ತೆಗೆದ. "ಕರೆದಿದ್ದಕ್ಕೆ ಬಂದ್ರಾ?"

"ಹೂಂ."

"ಆ ಯಂತ್ರಗಳೂ ದಿನವಿಡೀ ಬಾಯಿ ಬಡ್ಕೊಳ್ತಾನೇ ಇರ್ತವೆ, ಅಕ್ಕ. ಅವುಗಳ ಮಾತು ಕೇಳಿ ಸೇತುವೆಯಾಚೆಯ ಅಂಗಡಿ ಬಿಟ್ಟು ಯಾರೂ ಇಲ್ಲಿಗೆ ಬರಲ್ಲ." ಮುಚ್ಚಳ ಹಾಕಿದ. "ನಿಂಬೆಹಣ್ಣಿನ ಅಜ್ಜಿ ಯಾರು?"

"ನಮ್ಮತ್ತೆ."

"ದಿನಾ ಬರ್ತಾರಾ?"

"ತಡೆಯೋಕಾಗಲ್ಲ ಸಾರ್."

ಅವನು ಮೊದಲ ಸಲ ನಕ್ಕ. ಮೇಲಿನವರು ಬಂದ ದಿನ ಏನು ಹೇಳಿದನೋ ಚುರುಕಿಗೆ ಗೊತ್ತಾಗಲಿಲ್ಲ. ಅವರು ಬಂದಾಗ ಅವಳು ತಾತನ ಚೀಲದ ಹಿಡಿಕೆಗೆ ಗಂಟು ಹಾಕಿಕೊಡುತ್ತಿದ್ದಳು. ಕೌಂಟರು ಉಳಿಯಿತು, ಪೂರ್ತಿಯಾಗಿ ಅಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳು ಅಲ್ಲಿ, ಆಮೇಲೆ ಯಂತ್ರಗಳ ಕೆಂಪು ದೀಪ ಆರಿಸುತ್ತ ಓಡಾಡಬೇಕು. ಜೊತೆಗೆ ಕೌಂಟರಿನ ಮೇಲೆ ಒಂದು ಫಲಕ ತೂಗುಬಿಟ್ಟರು: ಅವಸರವಿಲ್ಲದವರಿಗೆ. ಕೌಂಟರಿನ ಹಿಂದೆ ಅವಳಿಗೆ ಒಂದು ಕುರ್ಚಿಯನ್ನೂ ಇಟ್ಟರು.

ಆ ಫಲಕ ನೋಡಿ ಚುರುಕಿಗೆ ಮೊದಲು ಅವಮಾನವಾಯಿತು. ಇಷ್ಟು ವರ್ಷದ ಕೈಚಳಕಕ್ಕೆ ಇದೇನಾ ಬಿರುದು ಅನ್ನಿಸಿತು. ಅಷ್ಟರಲ್ಲಿ ತಾತ ಬಂದು ಬ್ರೆಡ್ಡು ಇಟ್ಟು, ನಡುಗುವ ಬೆರಳುಗಳಿಂದ ಜೇಬು ತಡಕಾಡತೊಡಗಿದರು. ಹಿಂದಾದರೆ ಅವಳೇ ಕೈ ಚಾಚಿ ಚಿಲ್ಲರೆ ಆರಿಸಿಕೊಂಡುಬಿಡುತ್ತಿದ್ದಳು. ಇವತ್ತು ಕುರ್ಚಿಯ ಮೇಲೆ ಕೂತಳು. ತಾತ ಚಿಲ್ಲರೆಯನ್ನು ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸಿದರು, ಅಂಚಿಗೆ ಅಂಚು ತಾಗುವಂತೆ, ಗಡಿಯಾರದ ಚಕ್ರ ಜೋಡಿಸುವ ಹಾಗೆ. ಇಷ್ಟು ವರ್ಷ ಹಾಗೆ ಜೋಡಿಸುವಷ್ಟು ಕಾಲವನ್ನು ಅವಳು ಅವರಿಗೆ ಕೊಟ್ಟಿರಲೇ ಇಲ್ಲ.

"ಸರಿ ಇದೆಯಾ ನೋಡು," ಎಂದರು ತಾತ.

"ಸರಿ ಇದೆ ತಾತ."

ತಾತನ ಹಿಂದೆ ನಿಂಬೆಹಣ್ಣು ಹಿಡಿದು ನಿಂತಿದ್ದ ಅತ್ತೆ ಕತ್ತು ಚಾಚಿ ಕೌಂಟರಿನ ಕೆಳಗೆ ಇಣುಕಿದರು. "ಕಾಲು ಹೇಗಿದೆ?"

"ಪರವಾಗಿಲ್ಲ ಅತ್ತೆ. ಇನ್ನು ಮೆಟ್ಟಿಲ ಮೇಲೆ ಕೂತು ಹೇಳಬೇಡಿ."