ಫಾರಮಿನಲ್ಲಿ ಬೇಸಾಯ

ಝರಿಯಾ ಊರಿನ ನಮ್ಮ ಕಲ್ಲಿದ್ದಲು ಗಣಿ ಮುಚ್ಚುತ್ತದೆ, ಅದನ್ನು ನಂಬಿ ಬದುಕಿದವರಿಗೆ ಸೌರ ವಿದ್ಯುತ್ ಸ್ಥಾವರದಲ್ಲಿ ಕೆಲಸ ಕೊಡುತ್ತಾರೆ ಎಂದರು. ಪಟ್ಟಿಯಲ್ಲಿ ನಮ್ಮ ಕೇರಿಯ ಒಂದು ಹೆಸರೂ ಇರಲಿಲ್ಲ. ಹದಿನೆಂಟು ವರ್ಷದಿಂದ ಸೈಕಲ್ಲಿಗೆ ಕಲ್ಲಿದ್ದಲಿನ ಮೂಟೆ ಹೇರಿ ತಳ್ಳುತ್ತಿರುವ ನಾನು ಸಿಟ್ಟಿನಿಂದಲೇ ವಿಶ್ವವಿದ್ಯಾಲಯಕ್ಕೆ ಹೋದೆ. ಆ ಪಟ್ಟಿಗಾಗಿ ನಮ್ಮ ಕೇರಿಯಲ್ಲಿ ಸಮೀಕ್ಷೆ ಮಾಡಿದ್ದ ಅಲ್ಲಿಯ ನಿವೇದಿತಾ ದೀದಿ ನನ್ನ ಫಾರಂ ತೆಗೆದು ತೋರಿಸಿದರು.

"ಕಸುಬು ಬೇಸಾಯ ಅಂತ ನೀವೇ ಬರೆಸಿದ್ದೀರಲ್ಲ, ಲಖಿಂದರ್ ಭಯ್ಯಾ. ಇಡೀ ಕೇರಿನೇ ಹಾಗೆ ಹೇಳಿದೆ."

"ಮತ್ತೇನು, ಕಲ್ಲಿದ್ದಲು ಕದ್ದು ಮಾರ್ತೀನಿ ಅನ್ಬೇಕಿತ್ತಾ? ಕಾಗದ ಹಿಡ್ಕೊಂಡು ಬಂದೋರೆಲ್ಲ ನಮಗೆ ಪೊಲೀಸರ ಕಡೆಯೋರೇ. ಈ ಕೈ ನೋಡಿ, ನೇಗಿಲು ಹಿಡಿದ ಕೈಯಾ ಇದು?"

"ಇಂಜಿನಿಯರುಗಳು, ಅರ್ಥಶಾಸ್ತ್ರದೋರು, ಸಮಾಜಶಾಸ್ತ್ರದ ನಾವು, ಮೂರು ವಿಭಾಗದೋರೂ ಬಂದು ಕೇಳಿದ್ವಿ. ಮೂರು ಸಲವೂ ಅದೇ ಉತ್ತರ. ಅದಕ್ಕೇ ನಂಬಿದ್ವಿ."

"ಒಂದು ಸಲ ಸುಳ್ಳು ಹೇಳಿದ್ಮೇಲೆ ಮೂರು ಸಲವೂ ಅದನ್ನೇ ಹೇಳ್ಬೇಕಲ್ಲ ದೀದಿ. ಈಗ ತಿದ್ದಿ. ಕಾಲಿಗೆ ಬೀಳ್ತೀನಿ."

ಅವರು ತಲೆ ತಗ್ಗಿಸಿದರು. "ವರದಿ ಸರ್ಕಾರಕ್ಕೆ ಹೋಗಿಬಿಟ್ಟಿದೆ. ತಿದ್ದಬೇಕಾದ್ರೆ, ಕಲ್ಲಿದ್ದಲಿನಿಂದಲೇ ನಿಮ್ಮ ಬದುಕು ಅನ್ನೋದಕ್ಕೆ ಏನಾದ್ರೂ ದಾಖಲೆ ಬೇಕು."

ಅಂಥ ದಾಖಲೆ ನನ್ನ ಬಳಿ ಒಂದೇ ಇತ್ತು. ಮೂರು ವರ್ಷದ ಹಿಂದೆ ಪೊಲೀಸರು ನನ್ನ ಮೇಲೆ ಹಾಕಿದ್ದ ಕಲ್ಲಿದ್ದಲು ಕಳ್ಳತನದ ಕೇಸಿನ ಕಾಗದ. ಅದನ್ನು ತರಲು ಮನೆಗೆ ಹೊರಟೆ.